ಕರೆಂಟ್ ಹೋದಾಗಲೂ ಕೂಗಬೇಕಾದ ಅಲಾರಂ: ಬ್ಯಾಟರಿ ಬದಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗಳಿಗೆ ಕಳ್ಳತನದ ಅಲಾರಂ ಅಳವಡಿಸುವ ಮತ್ತು ರಿಪೇರಿ ಮಾಡುವ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದೇನೆ. ಫೋನಿನಲ್ಲಿ, ಪತ್ರಗಳಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಜನ ನನ್ನನ್ನು ಹೆಚ್ಚಾಗಿ ಕೇಳುವುದು ಪ್ಯಾನೆಲ್ಲಿನೊಳಗೆ ಕುಳಿತಿರುವ ಬ್ಯಾಟರಿಯ ಬಗ್ಗೆ. ಅಲಾರಂಗೆ ಸಾವಿರಾರು ರೂಪಾಯಿ ಖರ್ಚು ಮಾಡಿದವರು ಆ ಬ್ಯಾಟರಿಯನ್ನು ಮರೆತೇಬಿಡುತ್ತಾರೆ. ಅದು ಸತ್ತದ್ದು ಗೊತ್ತಾಗುವುದು ಕರೆಂಟ್ ಹೋದ ರಾತ್ರಿ, ಬೇಕೇಬೇಕಾದ ಹೊತ್ತಿನಲ್ಲಿ. ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಅಲಾರಂನಲ್ಲಿ ಬ್ಯಾಟರಿ ಇದೆಯೆಂದೇ ಗೊತ್ತಿರಲಿಲ್ಲ. ಅದು ಎಲ್ಲಿರುತ್ತದೆ?

ಬಾಗಿಲ ಬಳಿ ನೀವು ಕೋಡ್ ಒತ್ತುವ ಕೀಪ್ಯಾಡಿನಲ್ಲಿ ಅದು ಇರುವುದಿಲ್ಲ. ತಂತಿ ಎಳೆದು ಮಾಡಿದ ವ್ಯವಸ್ಥೆಯಾದರೆ ಅಟ್ಟದ ಮೇಲೋ, ಮೆಟ್ಟಿಲ ಕೆಳಗೋ, ಗೋಡೆ ಬೀರುವಿನ ಒಳಗೋ ಲೋಹದ ಅಥವಾ ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆ ಇರುತ್ತದೆ. ಅದೇ ಪ್ಯಾನೆಲ್. ಅದರ ತಳದಲ್ಲಿ ಸಣ್ಣ ಇಟ್ಟಿಗೆಯ ಹಾಗೆ ಕುಳಿತಿರುವುದೇ ಬ್ಯಾಟರಿ. ಹೆಚ್ಚಿನ ಮನೆಗಳಲ್ಲಿ ಇರುವುದು 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಸಾಮರ್ಥ್ಯದ, ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗಳಲ್ಲಿ ಬಳಕೆಯಾಗುವುದೂ ಇದೇ ಜಾತಿಯದ್ದು.

ಕರೆಂಟ್ ಇರುವಾಗ ಪ್ಯಾನೆಲ್ ಅದರಿಂದ ನಡೆಯುತ್ತಾ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತಿರುತ್ತದೆ. ಕರೆಂಟ್ ಹೋದ ಕ್ಷಣ ಸೆನ್ಸರ್, ಕೀಪ್ಯಾಡ್, ಅಲಾರಂ ಕೂಗಿದಾಗ ನಿಮಗೆ ಫೋನ್ ಮಾಡುವ ಸಿಮ್ ಹಾಕಿದ ಡಯಲರ್, ಸೈರನ್ ಎಲ್ಲದರ ಭಾರವೂ ಬ್ಯಾಟರಿಯ ಮೇಲೆ ಬೀಳುತ್ತದೆ.

ರಾತ್ರಿ ಎರಡು ಗಂಟೆಗೆ ಕೀಪ್ಯಾಡ್ ಬೀಪ್ ಬೀಪ್ ಎಂದು ಎಬ್ಬಿಸುತ್ತದೆ. ಕಳ್ಳ ಬಂದಿದ್ದಾನೆಂದೇ?

ಅಲ್ಲ. ಕಳ್ಳ ಬಂದರೆ ಕೂಗುವುದು ಸೈರನ್. ಬಿಟ್ಟುಬಿಟ್ಟು ಕೇಳಿಸುವ ಸಣ್ಣ ಸದ್ದು ದೋಷದ ಸೂಚನೆ, ಹೆಚ್ಚಾಗಿ ಬ್ಯಾಟರಿ ಇಳಿದಿರುವುದರ ಸೂಚನೆ. ಅನೇಕ ಪ್ಯಾನೆಲ್‌ಗಳು ಬ್ಯಾಟರಿ 11.5 ವೋಲ್ಟಿನ ಆಸುಪಾಸಿಗೆ ಇಳಿದಾಗ ಹೀಗೆ ಎಚ್ಚರಿಸುತ್ತವೆ. ಸಂಜೆ ದೀರ್ಘಕಾಲ ಕರೆಂಟ್ ಹೋಗಿದ್ದರೆ ಆರೋಗ್ಯವಾಗಿರುವ ಬ್ಯಾಟರಿಯೂ ಇಳಿದು ಸದ್ದು ಬರಬಹುದು. ಕರೆಂಟ್ ಮರಳಿ ಒಂದು ದಿನ ಕಳೆದರೂ ಸದ್ದು ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಕೋಡ್ ಒತ್ತಿದರೆ ಸದ್ದು ತಾತ್ಕಾಲಿಕವಾಗಿ ನಿಲ್ಲುತ್ತದೆ. ಹಾಗೆ ನಿಲ್ಲಿಸಿ ತಿಂಗಳುಗಟ್ಟಲೆ ಸುಮ್ಮನಿದ್ದ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮನೆಗೇ ಇನ್ವರ್ಟರ್ ಹಾಕಿಸಿದ್ದೇವೆ. ಪ್ಯಾನೆಲ್ಲಿಗೆ ಬೇರೆ ಬ್ಯಾಟರಿ ಯಾಕೆ?

ಇನ್ವರ್ಟರ್ ಫ್ಯಾನು, ದೀಪ, ಟಿವಿಗೆಲ್ಲ ಹಂಚಿಹೋಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಅದೂ ಖಾಲಿ. ಅಲ್ಲದೆ ಇನ್ವರ್ಟರ್ ಇರುವುದು ಹೆಚ್ಚಾಗಿ ವರಾಂಡದಲ್ಲಿ ಅಥವಾ ಹಿತ್ತಿಲ ಬಾಗಿಲ ಪಕ್ಕದಲ್ಲಿ, ಯಾರ ಕೈಗಾದರೂ ಸಿಗುವಂತೆ. ಪ್ಯಾನೆಲ್ಲಿನ ಬ್ಯಾಟರಿ ಬೀಗದ ಪೆಟ್ಟಿಗೆಯೊಳಗಿದ್ದು ಅಲಾರಂಗೆ ಮಾತ್ರ ಮೀಸಲು. ಪ್ಯಾನೆಲ್ಲನ್ನು ಇನ್ವರ್ಟರ್ ಲೈನಿಗೆ ಜೋಡಿಸುವುದು ಒಳ್ಳೆಯದೇ. ಒಳಗಿನ ಬ್ಯಾಟರಿ ಪದೇ ಪದೇ ಬರಿದಾಗುವುದು ತಪ್ಪಿ ಅದರ ಆಯುಸ್ಸು ಹೆಚ್ಚುತ್ತದೆ. ಹಾಗೆಂದು ಅದನ್ನು ತೆಗೆದುಹಾಕಬೇಡಿ.

ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?

ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳಿಕೆ. ನಾನು ನಾಲ್ಕನೆಯ ವರ್ಷಕ್ಕೆ ಕಾಯದೆ ಬದಲಿಸುತ್ತೇನೆ. ತಯಾರಕರು ಹೇಳುವ ಆಯುಸ್ಸು 20 ಅಥವಾ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಲೆಕ್ಕ ಹಾಕಿದ್ದು. ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಪ್ಯಾನೆಲ್ಲಿನ ಬ್ಯಾಟರಿ ಎರಡೇ ವರ್ಷದಲ್ಲಿ ಸೋಲಬಹುದು. ಮಡಿಕೇರಿಯ ತಂಪಿನಲ್ಲಿ ಅದೇ ಬ್ಯಾಟರಿ ಐದು ವರ್ಷ ನಡೆದರೆ ಆಶ್ಚರ್ಯವಿಲ್ಲ. ಹೊಸದನ್ನು ಹಾಕುವಾಗ ಅದರ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ತಿಂಗಳು, ವರ್ಷ ಬರೆಯಿರಿ.

ಊರಿಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿ, ಅಲಾರಂ ಆನ್ ಮಾಡಿ ಹೋಗುತ್ತೇವೆ. ಪರವಾಗಿಲ್ಲವೇ?

ಈ ಪುಟದಲ್ಲಿ ಬೇರೇನನ್ನು ಓದದಿದ್ದರೂ ಈ ಉತ್ತರವನ್ನು ಓದಿ. ಮೇನ್ ಸ್ವಿಚ್ ಆಫ್ ಮಾಡಿದ ಗಳಿಗೆಯಿಂದಲೇ ಅಲಾರಂ ಬ್ಯಾಟರಿಯ ಮೇಲೆ ನಡೆಯಲು ತೊಡಗುತ್ತದೆ. ಸಾಧಾರಣ ಮನೆಯ ವ್ಯವಸ್ಥೆಗೆ ಹೊಸ ಬ್ಯಾಟರಿ ಸುಮಾರು ಒಂದು ದಿನ ಬಂದೀತು. ದಸರಾ ರಜೆಗೆ ಐದು ದಿನ ಹೋದರೆ ಮೊದಲ ದಿನ ಮಾತ್ರ ಮನೆಗೆ ಕಾವಲು. ಉಳಿದ ನಾಲ್ಕು ದಿನ ಗೋಡೆಯ ಮೇಲಿರುವುದು ಬರಿಯ ಪೆಟ್ಟಿಗೆ.

ಇನ್ನೊಂದು ನಷ್ಟವೂ ಇದೆ. ಪೂರ್ತಿ ಬರಿದಾದ ಸೀಸ-ಆಮ್ಲ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ, ಸಾಮರ್ಥ್ಯ ಮರಳುವುದಿಲ್ಲ. ಹೀಗೆ ವರ್ಷಕ್ಕೆ ಎರಡು ಮೂರು ಬಾರಿ ಬರಿದಾದರೆ ಹೊಸ ಬ್ಯಾಟರಿಯೂ ಉಳಿಯುವುದಿಲ್ಲ.

ಮೇನ್ ಆಫ್ ಮಾಡುವ ಅಭ್ಯಾಸ ಹಿರಿಯರಿಂದ ಬಂದದ್ದು, ಶಾರ್ಟ್ ಸರ್ಕ್ಯೂಟ್ ಭಯದಿಂದ ಬಂದದ್ದು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅಲಾರಂಗೆ ಪ್ರತ್ಯೇಕ ಎಂಸಿಬಿ ಹಾಕಿಸಿ, ಅದರ ಮೇಲೆ ಚೀಟಿ ಅಂಟಿಸಿ. ಹೊರಡುವಾಗ ಅದೊಂದನ್ನು ಬಿಟ್ಟು ಉಳಿದ ಎಂಸಿಬಿಗಳನ್ನೆಲ್ಲ ಇಳಿಸಿ. ಅರ್ಧ ದಿನದ ಕೆಲಸ.

## ಕೊಳ್ಳುವುದು, ಬದಲಿಸುವುದು

ಅಂಗಡಿಯಲ್ಲಿ ಏನೆಂದು ಕೇಳಬೇಕು? ಒಂದೇ ಥರ ಕಾಣುವವು ಹತ್ತಾರು ಇವೆ.

ಹಳೆಯ ಬ್ಯಾಟರಿಯ ಫೋಟೋ ತೆಗೆದುಕೊಂಡು ಹೋಗಿ. ವೋಲ್ಟ್, ಎಎಚ್, ಅಳತೆ, ಟರ್ಮಿನಲ್ ಈ ನಾಲ್ಕೂ ಹೊಂದಬೇಕು. 7 ಎಎಚ್ ಬ್ಯಾಟರಿ ಸಾಮಾನ್ಯವಾಗಿ 151 ಮಿ.ಮೀ. ಉದ್ದ, 65 ಮಿ.ಮೀ. ಅಗಲ, 94 ಮಿ.ಮೀ. ಎತ್ತರವಿರುತ್ತದೆ. ಟರ್ಮಿನಲ್ ಎಂದರೆ ಮೇಲೆ ಚಾಚಿಕೊಂಡಿರುವ ಎರಡು ಚಪ್ಪಟೆ ಪಟ್ಟಿ. ಅದರಲ್ಲಿ ಎರಡು ಅಗಲಗಳಿವೆ: ಎಫ್1 ಎಂದರೆ 4.75 ಮಿ.ಮೀ., ಎಫ್2 ಎಂದರೆ 6.35 ಮಿ.ಮೀ. ಸಣ್ಣ ಪಟ್ಟಿಗೆ ದೊಡ್ಡ ಕ್ಲಿಪ್ ಹಾಕಿದರೆ ಸಡಿಲವಾಗಿ ನಿಂತು ಒಂದು ದಿನ ಕಳಚುತ್ತದೆ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಉಳಿದ ಊರುಗಳಲ್ಲಿ ಯುಪಿಎಸ್ ಮತ್ತು ಇನ್ವರ್ಟರ್ ಬ್ಯಾಟರಿ ಮಾರುವ ಅಂಗಡಿಯಲ್ಲಿ ಕೇಳಿ. ಕೈಯಲ್ಲಿ ಹಿಡಿದು ನೋಡಿ: ನಿಜವಾದ 7 ಎಎಚ್ ಬ್ಯಾಟರಿ ಎರಡು ಕಿಲೋ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ತೂಗುತ್ತದೆ. ತೀರಾ ಹಗುರವಾಗಿದ್ದರೆ ಒಳಗೆ ಸೀಸ ಕಡಿಮೆ, ಸಾಮರ್ಥ್ಯವೂ ಕಡಿಮೆ. ತಯಾರಾದ ತಿಂಗಳನ್ನು ಕೇಳಿ. ಸುಮ್ಮನೆ ಇಟ್ಟರೂ ಇದು ತಿಂಗಳಿಗೆ ಶೇಕಡಾ 3ರಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತದ್ದು ಬೇಡ. ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿಸಿ; 12.6 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬೇರೆಯದನ್ನು ಕೇಳಿ.

ಬೈಕಿನ ಬ್ಯಾಟರಿ ಸುಮ್ಮನೆ ಬಿದ್ದಿದೆ. ಅದೂ 12 ವೋಲ್ಟೇ ತಾನೇ?

ಬೇಡ. ಬೈಕಿನ ಬ್ಯಾಟರಿಯನ್ನು ಮಾಡಿರುವುದು ಎಂಜಿನ್ ಚಾಲೂ ಮಾಡಲು ಕ್ಷಣಮಾತ್ರ ಭಾರಿ ಕರೆಂಟ್ ಕೊಡುವುದಕ್ಕೆ. ವರ್ಷಪೂರ್ತಿ ಮೆಲ್ಲಗೆ ಚಾರ್ಜ್ ಆಗುತ್ತಾ ಕಾಯುವುದು ಅದರ ಕೆಲಸವಲ್ಲ. ಡಿಸ್ಟಿಲ್ಡ್ ವಾಟರ್ ಹಾಕುವ ಬಗೆಯದಾದರೆ ಅದರಿಂದ ಏಳುವ ಆಮ್ಲದ ಹಬೆ ಪ್ಯಾನೆಲ್ಲಿನ ಸರ್ಕ್ಯೂಟನ್ನು ತಿಂದುಹಾಕುತ್ತದೆ.

ನಾನೇ ಬದಲಿಸಬಹುದೇ ಸರ್? ಹಂತ ಹಂತವಾಗಿ ಹೇಳಿ.

ಸ್ಕ್ರೂ ಡ್ರೈವರ್ ಹಿಡಿದು ಅಭ್ಯಾಸವಿರುವವರು ಧಾರಾಳವಾಗಿ ಬದಲಿಸಬಹುದು. ಒಂದು ವಿಷಯವನ್ನು ಮೊದಲು ನೋಡಿ: ಪ್ಯಾನೆಲ್ಲಿಗೆ ಕರೆಂಟ್ ಹೇಗೆ ಬರುತ್ತಿದೆ? ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಅಡಾಪ್ಟರಿನಿಂದ ಬರುತ್ತಿದ್ದರೆ ಪೆಟ್ಟಿಗೆಯೊಳಗೆ ಅಪಾಯಕಾರಿ ವೋಲ್ಟೇಜ್ ಇರುವುದಿಲ್ಲ. ತಂತಿ ನೇರವಾಗಿ ಗೋಡೆಯಿಂದ ಪೆಟ್ಟಿಗೆಯೊಳಗೆ ಹೋಗಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಬಳಿ 230 ವೋಲ್ಟ್ ಇದೆ, ಮುಟ್ಟಿದರೆ ಜೀವಕ್ಕೆ ಅಪಾಯ. ಅಂಥ ಕಡೆ ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ಪರೀಕ್ಷಿಸಿದ ಮೇಲೆಯೇ ಕೈ ಹಾಕಬೇಕು. ಧೈರ್ಯ ಸಾಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬ್ಯಾಟರಿ ಚಿಕ್ಕದಾದರೂ ಎರಡು ಟರ್ಮಿನಲ್‌ಗಳ ನಡುವೆ ಚಿನ್ನದ ಬಳೆ ತಾಗಿದರೆ ಅದು ಕೆಂಡವಾಗುವಷ್ಟು ಕರೆಂಟ್ ಹರಿಯುತ್ತದೆ. ಸರ್ವಿಸ್ ಕೋಡ್ ಒತ್ತಿ ಪ್ಯಾನೆಲ್ಲನ್ನು ಸರ್ವಿಸ್ ಸ್ಥಿತಿಗೆ, ಅಂದರೆ ಮುಚ್ಚಳ ತೆರೆದರೂ ಕೂಗದ ಸ್ಥಿತಿಗೆ ತನ್ನಿ, ಕರೆಂಟ್ ಆಫ್ ಮಾಡಿ, ಮುಚ್ಚಳ ತೆರೆಯಿರಿ. ತಂತಿಗಳಿರುವ ಹಾಗೆಯೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಮೊದಲು ಕಪ್ಪು ತಂತಿಯ ಕ್ಲಿಪ್ಪನ್ನು ಕಳಚಿ, ಆಮೇಲೆ ಕೆಂಪನ್ನು. ತಂತಿಯನ್ನು ಎಳೆಯಬೇಡಿ, ಕ್ಲಿಪ್ಪನ್ನೇ ಹಿಡಿದು ಅಲುಗಿಸುತ್ತಾ ತೆಗೆಯಿರಿ. ಹಳೆಯ ಬ್ಯಾಟರಿಯ ಟರ್ಮಿನಲ್‌ಗಳಿಗೆ ಕೂಡಲೇ ಇನ್ಸುಲೇಷನ್ ಟೇಪ್ ಸುತ್ತಿ.

ಹೊಸದನ್ನು ಕೂರಿಸಿ, ಮೊದಲು ಕೆಂಪು ತಂತಿಯನ್ನು ಪ್ಲಸ್‌ಗೆ, ಆಮೇಲೆ ಕಪ್ಪು ತಂತಿಯನ್ನು ಮೈನಸ್‌ಗೆ ಹಾಕಿ. ಕ್ಲಿಪ್ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಇಕ್ಕಳದಲ್ಲಿ ಸ್ವಲ್ಪವೇ ಒತ್ತಿ. ಮುಚ್ಚಳ ಹಾಕಿ ಕರೆಂಟ್ ಕೊಡಿ. ಕೆಲವು ಪ್ಯಾನೆಲ್‌ಗಳು ಬ್ಯಾಟರಿ ಒಂದರಿಂದಲೇ ಚಾಲೂ ಆಗುವುದಿಲ್ಲ, ಕರೆಂಟ್ ಬರುವವರೆಗೆ ಸುಮ್ಮನಿರುತ್ತವೆ, ಗಾಬರಿ ಬೇಡ. ಮರುದಿನ ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಎಂಸಿಬಿ ಇಳಿಸಿ, ಅಲಾರಂ ಆನ್ ಮಾಡಿ, ಬಾಗಿಲು ತೆರೆದು ಸೈರನ್ ಕೂಗಿಸಿ ನೋಡಿ. ಆ ಪರೀಕ್ಷೆಯಾಗುವ ತನಕ ಕೆಲಸ ಮುಗಿದಿಲ್ಲ.

ಪೆಟ್ಟಿಗೆಯ ಮುಚ್ಚಳ ತೆಗೆದ ತಕ್ಷಣ ಸೈರನ್ ಕೂಗಿ ಬೀದಿಯೆಲ್ಲ ಸೇರಿತು. ಏನು ತಪ್ಪು ಮಾಡಿದೆ?

ಮುಚ್ಚಳದ ಒಳಗೆ ಟ್ಯಾಂಪರ್ ಸ್ವಿಚ್ ಎಂಬ ಪುಟ್ಟ ಗುಂಡಿ ಇದೆ. ಕಳ್ಳ ಪೆಟ್ಟಿಗೆ ತೆರೆಯಲು ನೋಡಿದರೆ ಕೂಗಬೇಕೆಂದೇ ಅದನ್ನು ಇಟ್ಟಿರುತ್ತಾರೆ. ಅಲಾರಂ ಆಫ್ ಇದ್ದರೂ ಅದು ಎಚ್ಚರವಾಗಿರುತ್ತದೆ. ಅದಕ್ಕಾಗಿಯೇ ಅಳವಡಿಸಿದವರಿಂದ ಸರ್ವಿಸ್ ಕೋಡ್ ಪಡೆದು ಸರ್ವಿಸ್ ಸ್ಥಿತಿಗೆ ತರಬೇಕು. ಹೊರಗೋಡೆಯ ಸೈರನ್‌ಗೆ ಸ್ವಂತ ಬ್ಯಾಟರಿ ಇದ್ದರೆ ಪ್ಯಾನೆಲ್ಲಿನಿಂದ ಬರುವ ವಿದ್ಯುತ್ ನಿಂತ ಕೂಡಲೇ ಅದು ತಾನಾಗಿಯೇ ಕೂಗಬಹುದು. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ. ನಿಮ್ಮ ಅಲಾರಂ ಮೇಲೆ ನಿಗಾ ಇಡುವ ಸಂಸ್ಥೆ ಇದ್ದರೆ ಅವರಿಗೂ ತಿಳಿಸಿ.

ಬ್ಯಾಟರಿ ತೆಗೆದರೆ ಕೋಡ್, ಫೋನ್ ನಂಬರ್ ಎಲ್ಲ ಅಳಿಸಿಹೋಗುತ್ತದೆಯೇ?

ಇಂದಿನ ಪ್ಯಾನೆಲ್‌ಗಳಲ್ಲಿ ಅಳಿಸುವುದಿಲ್ಲ, ಅವು ಶಾಶ್ವತ ಮೆಮೊರಿಯಲ್ಲಿ ಇರುತ್ತವೆ. ಗಡಿಯಾರ ಮಾತ್ರ ತಪ್ಪಬಹುದು, ಸರಿಪಡಿಸಿಕೊಳ್ಳಿ.

ಹೊಸ ಬ್ಯಾಟರಿ ಹಾಕಿದರೂ ದೋಷದ ದೀಪ ಆರಿಲ್ಲ.

ಒಂದು ದಿನ ಕಾಯಿರಿ. ಪ್ಯಾನೆಲ್ ಬ್ಯಾಟರಿಯನ್ನು ಸದಾ ಪರೀಕ್ಷಿಸುತ್ತಿರುವುದಿಲ್ಲ, ಆಗಾಗ ಮಾತ್ರ ನೋಡುತ್ತದೆ. ಆಮೇಲೂ ಆರದಿದ್ದರೆ ಕ್ಲಿಪ್ ಸಡಿಲವಿದೆಯೇ ನೋಡಿ. ತಂತಿಗಳನ್ನು ಅದಲುಬದಲು ಹಾಕಿದ್ದರೆ ಬೋರ್ಡಿನ ಫ್ಯೂಸ್ ಹೋಗಿರುತ್ತದೆ. ಅದೇ ಆಂಪಿಯರ್ ಇರುವ ಫ್ಯೂಸ್ ಹಾಕಿ, ತಂತಿ ಸುತ್ತಿ ನಡೆಸಬೇಡಿ.

ನಾನು ವಿದೇಶದಲ್ಲಿದ್ದೇನೆ. ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಫೋನಿನಲ್ಲಿ ಹೇಳಿಕೊಟ್ಟು ಅಪ್ಪನಿಂದಲೇ ಮಾಡಿಸಬಹುದೇ?

ಎಪ್ಪತ್ತು ದಾಟಿದವರನ್ನು ಏಣಿ ಹತ್ತಿಸಿ, ಅಟ್ಟದ ಮೇಲೆ ಎರಡು ಕಿಲೋ ಬ್ಯಾಟರಿ ಹಿಡಿಸುವುದು ಬೇಡ ಎಂದು ಕೈಮುಗಿದು ಹೇಳುತ್ತೇನೆ. ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಗೊತ್ತುಮಾಡಿ, ವೀಡಿಯೊ ಕರೆಯಲ್ಲಿ ನೀವು ಜೊತೆಗಿರಿ. ಸರ್ವಿಸ್ ಕೋಡ್ ಹಾಕುವ ಕೆಲಸವನ್ನು ನಂಬಿಕೆಯವರ ಕೈಯಲ್ಲೇ ಮಾಡಿಸಿ, ಕೆಲಸ ಮುಗಿದ ಮೇಲೆ ಕೋಡ್ ಬದಲಿಸಿ. ನೀವು ರಜೆಗೆ ಬಂದಾಗ ಪ್ಯಾನೆಲ್ಲನ್ನು ಎದೆಮಟ್ಟದ ಎತ್ತರಕ್ಕೆ ಇಳಿಸಿ ಹಾಕಿಸಿದರೆ ಮುಂದಿನ ವರ್ಷಗಳಿಗೂ ಅನುಕೂಲ. ಅಪ್ಪನಿಗೆ ಕಲಿಸಲೇಬೇಕಾದದ್ದು ಒಂದಿದೆ: ಬೀಪ್ ಸದ್ದು ಬಂದರೆ ಅದೇ ದಿನ ನಿಮಗೆ ಹೇಳುವುದು. ಮಗನಿಗೆ ತೊಂದರೆ ಯಾಕೆಂದು ಹಿರಿಯರು ಸುಮ್ಮನಿದ್ದುಬಿಡುತ್ತಾರೆ.

ನಮ್ಮದು ವೈರ್‌ಲೆಸ್. ಬಾಗಿಲಿನ ಸೆನ್ಸರ್‌ಗಳಿಗೂ ಬ್ಯಾಟರಿ ಇದೆಯೇ?

ಪ್ರತಿಯೊಂದರಲ್ಲೂ ಇದೆ. ಮೋಷನ್ ಸೆನ್ಸರ್‌ಗಳಲ್ಲಿ ಹೆಚ್ಚಾಗಿ ಸಿಆರ್123ಎ ಎಂಬ 3 ವೋಲ್ಟಿನ ಲಿಥಿಯಂ ಸೆಲ್, ತೆಳುವಾದ ಬಾಗಿಲ ಸೆನ್ಸರ್‌ಗಳಲ್ಲಿ ಸಿಆರ್2032ರಂಥ ನಾಣ್ಯದಾಕಾರದ ಸೆಲ್, ಕೆಲವು ರಿಮೋಟ್‌ಗಳಲ್ಲಿ 23ಎ ಎಂಬ 12 ವೋಲ್ಟಿನ ಪುಟ್ಟ ಸೆಲ್ ಇರುತ್ತದೆ. ಇವು ಚಾರ್ಜ್ ಆಗುವಂಥವಲ್ಲ. ಮುಗಿದಾಗ ಹೊಸದನ್ನೇ ಹಾಕಬೇಕು.

ಮಕ್ಕಳಿರುವ ಮನೆಯವರು ಗಮನಿಸಿ: ನಾಣ್ಯದಾಕಾರದ ಸೆಲ್ ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಹಳೆಯ ಸೆಲ್ಲನ್ನು ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಿ.

ಹಳೆಯದನ್ನು ಗುಜರಿಗೆ ಹಾಕಿದರಾಯಿತಲ್ಲವೇ?

ಬೀದಿಯ ಗುಜರಿಗೆ ಬೇಡ. ಒಳಗಿರುವುದು ಸೀಸ ಮತ್ತು ಗಂಧಕಾಮ್ಲ. ಯಾರೋ ಬಡವರು ಅದನ್ನು ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಒಲೆಯಲ್ಲಿ ಕರಗಿಸಿದರೆ ಅದರ ಹೊಗೆ ಮತ್ತು ಧೂಳಿನ ವಿಷ ಹೆಚ್ಚಾಗಿ ತಗಲುವುದು ಅಲ್ಲಿನ ಮಕ್ಕಳಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಅಧಿಕೃತರಿಗೆ ಕೊಡಬೇಕು. ಸುಲಭದ ದಾರಿಯೆಂದರೆ ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಕೊಡುವುದು. ಸೀಸಕ್ಕೆ ಬೆಲೆಯಿದೆ, ಎಷ್ಟೋ ಅಂಗಡಿಗಳವರು ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡುತ್ತಾರೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಮೀಟರ್ 12.9 ವೋಲ್ಟ್ ತೋರಿಸುತ್ತಿದೆ. ಆದರೂ ಬ್ಯಾಟರಿ ಸತ್ತಿದೆ ಎನ್ನುತ್ತೀರಲ್ಲ?

ದಾವಣಗೆರೆಯ ಒಂದು ಮನೆಯಲ್ಲಿ ನನಗೂ ಹೀಗೆಯೇ ಮೋಸವಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಟರ್ ನೋಡಿ ‘ಚೆನ್ನಾಗಿದೆ’ ಎಂದು ಹೇಳಿ ಬಂದಿದ್ದೆ. ವಾರದೊಳಗೆ ಕರೆಂಟ್ ಹೋದಾಗ ಅವರ ಅಲಾರಂ ಹತ್ತು ನಿಮಿಷವೂ ನಿಲ್ಲಲಿಲ್ಲ. ಆ ಮನೆಯ ಅಜ್ಜಿ ಬೈಯಲಿಲ್ಲ, ಕಾಫಿ ಕೊಟ್ಟರು. ನಾಚಿಕೆಯಿಂದ ನನಗೆ ಅದನ್ನು ಕುಡಿಯಲಾಗಲಿಲ್ಲ.

ಮುದಿ ಬ್ಯಾಟರಿಯ ಒಳರೋಧ, ಅಂದರೆ ಕರೆಂಟ್ ಹರಿಯಲು ಒಳಗೇ ಇರುವ ತಡೆ, ಹೆಚ್ಚಿರುತ್ತದೆ. ಭಾರವಿಲ್ಲದಾಗ ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ, ಸೈರನ್ ಕರೆಂಟ್ ಎಳೆದ ಕೂಡಲೇ ಕುಸಿಯುತ್ತದೆ. ಹಾಗಾಗಿ ಭಾರ ಕೊಟ್ಟೇ ಅಳೆಯಬೇಕು. ಕಾರಿನ ಇಂಡಿಕೇಟರಿನಲ್ಲಿ ಬಳಸುವ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದು ಸಾಕು. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು ಪ್ಯಾನೆಲ್ಲಿನಿಂದ ಬಿಡಿಸಿ, ಬಲ್ಬನ್ನು ಅರ್ಧ ಗಂಟೆ ಉರಿಸಿ, ಉರಿಯುತ್ತಿರುವಾಗಲೇ ಅಳೆಯಿರಿ. 12 ವೋಲ್ಟಿನ ಮೇಲೆ ನಿಂತಿದ್ದರೆ ಬ್ಯಾಟರಿಗೆ ಜೀವವಿದೆ. 11ರ ಕಡೆಗೆ ಜಾರಿದ್ದರೆ ಬದಲಿಸಿ. ಬಲ್ಬ್ ತುಂಬಾ ಬಿಸಿಯಾಗುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಬ್ಯಾಟರಿ ಉಬ್ಬಿದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ.

ಕಿಟಕಿಗಳನ್ನು ತೆರೆಯಿರಿ, ಕಿಡಿ ಮತ್ತು ಬೆಂಕಿಯನ್ನು ದೂರವಿಡಿ. ಅತಿಯಾಗಿ ಚಾರ್ಜ್ ಆದ ಬ್ಯಾಟರಿಯಿಂದ ಹೊರಡುವ ಆ ಅನಿಲ ವಿಷಕಾರಿ. ಗಾಳಿ ಆಡಿದ ಮೇಲೆ ಎಂಸಿಬಿ ಇಳಿಸಿ, ಬ್ಯಾಟರಿ ತಣ್ಣಗಾದ ಬಳಿಕ ಕೈಗವಸು ಹಾಕಿಕೊಂಡು ತೆಗೆಯಿರಿ. ಆಮ್ಲ ಸೋರಿದ್ದರೆ ಅಡುಗೆ ಸೋಡಾ ಉದುರಿಸಿ. ನೊರೆ ನಿಂತ ಮೇಲೆ ಒರೆಸಿ. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಿ.

ಹೊಸದನ್ನು ಹಾಕುವ ಮೊದಲು ಕಾರಣ ಹುಡುಕಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಚಾರ್ಜಿಂಗ್ ವೋಲ್ಟೇಜ್ 13.5ರಿಂದ 13.8ರ ನಡುವೆ ಇರಬೇಕು. 14.4 ದಾಟಿದ್ದರೆ ಪ್ಯಾನೆಲ್ಲಿನ ಚಾರ್ಜಿಂಗ್ ಭಾಗವೇ ಕೆಟ್ಟಿದೆ; ಅದನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿಯೂ ಹಾಗೆಯೇ ಉಬ್ಬುತ್ತದೆ.

7 ಎಎಚ್ ನಮ್ಮ ಮನೆಗೆ ಎಷ್ಟು ಗಂಟೆ ಬರುತ್ತದೆ? ಲೆಕ್ಕ ಹಾಕುವುದು ಹೇಗೆ?

ಪ್ರತಿ ಉಪಕರಣ ಎಳೆಯುವ ಕರೆಂಟ್ ಅದರ ಕೈಪಿಡಿಯಲ್ಲಿ ಮಿಲಿಆಂಪಿಯರ್‌ಗಳಲ್ಲಿ ಬರೆದಿರುತ್ತದೆ. ಉದಾಹರಣೆಗೆ ಬೋರ್ಡಿಗೆ 100, ಕೀಪ್ಯಾಡಿಗೆ 50, ಐದು ಮೋಷನ್ ಸೆನ್ಸರ್‌ಗಳಿಗೆ ತಲಾ 12ರಂತೆ 60, ಸಿಮ್ ಡಯಲರ್‌ಗೆ 60 ಎಂದಿಟ್ಟುಕೊಳ್ಳಿ. ಒಟ್ಟು 270, ಅಂದರೆ 0.27 ಆಂಪಿಯರ್. 7ನ್ನು 0.27ರಿಂದ ಭಾಗಿಸಿದರೆ ಸುಮಾರು 26 ಗಂಟೆ. ವಯಸ್ಸಾಗುತ್ತಾ ಸಾಮರ್ಥ್ಯ ಇಳಿಯುವುದರಿಂದ ಶೇಕಡಾ 80ನ್ನು ಮಾತ್ರ ನಂಬಿ: 20 ಗಂಟೆ ಚಿಲ್ಲರೆ.

ಸೈರನ್ ಬಹಳ ತಿನ್ನುತ್ತದೆ ಎಂದು ಜನ ಭಾವಿಸುತ್ತಾರೆ. 1 ಆಂಪಿಯರ್ ಸೈರನ್ ಹದಿನೈದು ನಿಮಿಷ ಕೂಗಿದರೆ ಖರ್ಚಾಗುವುದು ಕಾಲು ಎಎಚ್ ಮಾತ್ರ. ಬ್ಯಾಟರಿಯನ್ನು ಬರಿದುಮಾಡುವುದು ಹಗಲುರಾತ್ರಿಯ ಸದ್ದಿಲ್ಲದ ಕಾವಲು. ಯುರೋಪಿನ ಇಎನ್ 50131 ಮಾನದಂಡ ಮನೆಗಳಿಗೆ ಹೊಂದುವ ಎರಡನೆಯ ಶ್ರೇಣಿಗೆ 12 ಗಂಟೆ ಕೇಳುತ್ತದೆ. ನಮ್ಮ ಹಳ್ಳಿಗಳ ವಿದ್ಯುತ್ ಕಡಿತ ನೋಡಿದರೆ 24 ಗಂಟೆಗೆ ಲೆಕ್ಕ ಹಾಕುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಈಗ ಎಲ್ಲೆಡೆ ಲಿಥಿಯಂ. ಅದನ್ನೇ ಹಾಕಲೇ?

ಪ್ಯಾನೆಲ್ ತಯಾರಕರು ಒಪ್ಪಿದ್ದರೆ ಮಾತ್ರ. 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು 14.4 ವೋಲ್ಟಿನಷ್ಟು ಬೇಕು. ನಿಮ್ಮ ಪ್ಯಾನೆಲ್ ಕೊಡುವುದು 13.8ರೊಳಗೆ. ಅದಕ್ಕಿಂತ ದೊಡ್ಡ ತೊಂದರೆ ಎಚ್ಚರಿಕೆಯದ್ದು. ಲಿಥಿಯಂ ಕೊನೆಯವರೆಗೂ 13 ವೋಲ್ಟಿನ ಆಸುಪಾಸಿನಲ್ಲೇ ನಿಂತು ಒಮ್ಮೆಲೇ ಕುಸಿಯುತ್ತದೆ. ಸೀಸದ ಬ್ಯಾಟರಿಗೆಂದು ಇಟ್ಟ ಎಚ್ಚರಿಕೆ ಸದ್ದು ಬರುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಒಂದರ ಪಕ್ಕ ಇನ್ನೊಂದು ಬ್ಯಾಟರಿ ಜೋಡಿಸಿದರೆ, ಅಥವಾ 18 ಎಎಚ್ ಹಾಕಿದರೆ ಎರಡು ದಿನ ಬರುತ್ತದಲ್ಲ?

ಬರುತ್ತದೆ, ಮತ್ತೆ ತುಂಬುವುದು ಕಷ್ಟ. ಪ್ಯಾನೆಲ್ 0.35 ಆಂಪಿಯರ್‌ನಲ್ಲಿ ಚಾರ್ಜ್ ಮಾಡುವುದಾದರೆ ಬರಿದಾದ 7 ಎಎಚ್ ತುಂಬಲು ಒಂದು ದಿನ ಬೇಕು, 18 ಎಎಚ್‌ಗೆ ಎರಡು ದಿನವೂ ಸಾಲದು. ಅಷ್ಟರಲ್ಲಿ ಮತ್ತೆ ಕರೆಂಟ್ ಹೋದರೆ ಅರ್ಧ ತುಂಬಿದ ಬ್ಯಾಟರಿಯೇ ಗತಿ. ಕೈಪಿಡಿಯಲ್ಲಿ ಎಷ್ಟು ಎಎಚ್‌ವರೆಗೆ ಹಾಕಬಹುದೆಂದು ಬರೆದಿರುತ್ತದೆ, ಅದನ್ನು ಮೀರಬೇಡಿ. ಎರಡನ್ನು ಜೋಡಿಸುವುದೇ ಆದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಬರಬೇಕು. ಎರಡೂ ಒಂದೇ ಕಂಪನಿಯವು, ಒಂದೇ ತಿಂಗಳಿನವು ಆಗಿರಬೇಕು. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ಎಳೆದು ಹಾಳುಮಾಡುತ್ತದೆ. ಹೆಚ್ಚು ಹೊತ್ತು ಬೇಕಾದವರಿಗೆ ನಾನು ಹೇಳುವುದು ಸ್ವಂತ ಚಾರ್ಜರ್ ಇರುವ ಪ್ರತ್ಯೇಕ 12 ವೋಲ್ಟ್ ಪವರ್ ಸಪ್ಲೈ ಪೆಟ್ಟಿಗೆ ಹಾಕಿಸಿ, ಸೆನ್ಸರ್‌ಗಳ ಭಾರವನ್ನು ಅದರ ಮೇಲೆ ಹೊರಿಸುವುದು. ಆ ಪೆಟ್ಟಿಗೆಯ ಬ್ಯಾಟರಿಯ ಮೇಲೂ ತಿಂಗಳು, ವರ್ಷ ಬರೆಯಿರಿ.